ಥಾಮಸ್ ಲೇ: ನ್ಯಾಯ ಮಂತ್ರಿಯೇ ಕೊಲೆಗಾರ

ಮಂತ್ರಿಯಾಗಿದ್ದವರು ಸ್ವತಃ ಕೊಲೆ ಮಾಡಿ ಸಿಕ್ಕಿಬಿದ್ದದ್ದು ಉಂಟಾ ಅಂತ ಕೇಳಿದ್ದೀರಿ. ಉಂಟು ಸರ್, ಅದೂ ನ್ಯಾಯ ಮಂತ್ರಿ! ಆಸ್ಟ್ರೇಲಿಯಾದ ಥಾಮಸ್ ಲೇ, 1922ರಿಂದ 1925ರವರೆಗೆ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಆ ಖಾತೆ ನೋಡಿಕೊಂಡವನು. ಹೆಂಡ ಮುಟ್ಟದ ಸಭ್ಯಸ್ಥ ಅಂತ 'ಲೆಮನೇಡ್ ಲೇ' ಎಂಬ ಅಡ್ಡಹೆಸರು ಬೇರೆ.

1925ರ ಚುನಾವಣೆಯಲ್ಲಿ ಇವನೆದುರು ಸೋತ ಫ್ರೆಡರಿಕ್ ಮೆಕ್‌ಡೊನಾಲ್ಡ್, ಲೇ ತಮಗೆ ಲಂಚದ ಆಮಿಷ ಒಡ್ಡಿದ್ದ ಎಂದು ದೂರಿದರು. ಮರುವರ್ಷ ಅವರು ಕಾಣೆಯಾದರು, ಮತ್ತೆ ಸಿಗಲೇ ಇಲ್ಲ. ಜನ ಲೇ ಮೇಲೆ ಅನುಮಾನಪಟ್ಟರು, ಆದರೆ ಸಾಬೀತಾಗಲಿಲ್ಲ.

ಆಮೇಲೆ ಇಂಗ್ಲೆಂಡಿಗೆ ಹೋದ. ತನ್ನ ಪ್ರೇಯಸಿಗೆ ಜಾನ್ ಮೂಡಿ ಎಂಬ ಬಾರ್ ಕೆಲಸಗಾರನ ಜೊತೆ ಸಂಬಂಧವಿದೆ ಅಂತ ಸುಮ್ನೆ ಹೊಟ್ಟೆಕಿಚ್ಚು. 1946ರಲ್ಲಿ ಮೂಡಿಯ ಹೆಣ ಸರ್ರೆಯ ಸುಣ್ಣಕಲ್ಲಿನ ಗುಂಡಿಯಲ್ಲಿ ಸಿಕ್ಕಿತು, ಕುತ್ತಿಗೆಗೆ ಹಗ್ಗ. ಈ ಕೊಲೆ ಸಾಬೀತಾಗಿ ಲೇಗೆ ಗಲ್ಲು ಶಿಕ್ಷೆಯಾಯಿತು. ಆದರೆ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಗಲ್ಲಿಗೇರಿಸದೆ ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1947ರಲ್ಲಿ ಅಲ್ಲೇ ಸತ್ತ.