ಪುಣ್ಯದ ಪುಸ್ತಕಕ್ಕೆ ಕೃಪಾಂಕ ಬೇಕೆ?

ಕ್ಯಾನ್ಸರ್ ಪೀಡಿತ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲೆಂದು ಬಂದ ಸಮಕಾಲೀನ ಕಥೆಗಳ ಸಂಕಲನವೊಂದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ‘ಮೂರು ಕಥೆಗಳು ಎತ್ತಿಟ್ಟುಕೊಳ್ಳುವಂಥವು, ಉಳಿದವು ಬರೀ ಲೆಕ್ಕ ತುಂಬಿಸಲು ಸೇರಿದವು’ ಎಂದದ್ದಕ್ಕೆ ಪತ್ರಗಳು ಬಂದಿವೆ. ಈ ಸಲದ ಅಂಕಣ ಪೂರ್ತಿ ಅವಕ್ಕೇ ಮೀಸಲು.

ಪ್ರಶ್ನೆ: ಲೇಖಕರು ಬಿಡಿಗಾಸೂ ಪಡೆಯದೆ ಕಥೆ ಕೊಟ್ಟಿದ್ದಾರೆ. ಇಂಥ ಪುಸ್ತಕವನ್ನೂ ಒರೆಗೆ ಹಚ್ಚಬೇಕಿತ್ತೆ? ಒಳ್ಳೆಯ ಕೆಲಸಕ್ಕೆ ಕಲ್ಲು ಹಾಕಿದಂತಾಗಲಿಲ್ಲವೆ? (ನಿವೃತ್ತ ಶಿಕ್ಷಕಿ)

ಉತ್ತರ: ಮೇಡಂ, ಉತ್ತರಪತ್ರಿಕೆ ತಿದ್ದಿ ತಿದ್ದಿ ಪಳಗಿದವರು ನೀವು. ಹುಡುಗ ಒಳ್ಳೆಯವನು ಅಂತ ಕೃಪಾಂಕ ಕೊಟ್ಟರೆ ಅವನಿಗೆ ಲೆಕ್ಕ ಬಂದುಬಿಡುತ್ತದೆಯೆ? ದುಡ್ಡು ಕೊಟ್ಟು ಪುಸ್ತಕ ಕೊಂಡಾಗಲೇ ನಮ್ಮ ದಾನ ಮುಗಿಯಿತು. ಓದಲು ಕೂತ ಮೇಲೆ ಕಥೆಗೂ ನನಗೂ ನಡುವೆ ಆಸ್ಪತ್ರೆ ಬಂದು ನಿಲ್ಲಬಾರದು.

ನಾನು ಮೆಚ್ಚಿದ ಒಂದು ಕಥೆಯನ್ನೇ ನೋಡಿ. ಬಾಡಿಗೆ ಮನೆ ಖಾಲಿ ಮಾಡುತ್ತಿರುವ ಮುದುಕ, ಮುಂಗಡದಲ್ಲಿ ಮುರಿದುಕೊಂಡಾರೆಂಬ ಭಯಕ್ಕೆ, ಗೋಡೆಯಲ್ಲಿನ ಮೊಳೆ ತೂತುಗಳಿಗೆಲ್ಲ ಟೂತ್‌ಪೇಸ್ಟ್ ಮೆತ್ತುತ್ತ ಹೋಗುತ್ತಾನೆ. ಇಲ್ಲಿ ಕ್ಯಾಲೆಂಡರ್ ಇತ್ತು, ಇಲ್ಲಿ ಮಗನ ರ‍್ಯಾಕೆಟ್ ನೇತಾಡುತ್ತಿತ್ತು. ಹೆಂಡತಿಯ ಫೋಟೊ ಇದ್ದ ತೂತಿಗೆ ಬರುವ ಹೊತ್ತಿಗೆ ಟ್ಯೂಬ್ ಖಾಲಿ. ಇನ್ನು ಇವನು ಅಳುತ್ತಾನೆ ಅಂದುಕೊಳ್ಳುತ್ತೇವೆ. ಕಥೆಗಾರ್ತಿ ಅಳಿಸುವುದಿಲ್ಲ. ಮುದುಕ ಕತ್ತರಿ ತಂದು ಟ್ಯೂಬನ್ನು ಉದ್ದಕ್ಕೆ ಸೀಳಿ, ಒಳಗೆ ಅಂಟಿಕೊಂಡಿದ್ದನ್ನು ಬೆರಳಲ್ಲಿ ಬಳಿಯುತ್ತಾನೆ. ಅದೇ ಸಂಕಲನದಲ್ಲಿ ಹೆಸರಾಂತರೊಬ್ಬರು ಮುಲಾಜಿಗೆ ಬಿದ್ದು ಕೊಟ್ಟ, ಎತ್ತ ಹೊರಟಿದೆಯೆಂದೇ ತಿಳಿಯದ ಕನಸಿನ ವರ್ಣನೆಯೂ ಇದೆ. ಎರಡಕ್ಕೂ ಒಂದೇ ಚಪ್ಪಾಳೆ ತಟ್ಟಿದರೆ ಅನ್ಯಾಯವಾಗುವುದು ಆ ಕಥೆಗಾರ್ತಿಗೆ. ಮಕ್ಕಳಿಗಂತೂ ನನ್ನ ಟೀಕೆಯಿಂದ ನಷ್ಟವಾಗಿಲ್ಲ. ನಿಮ್ಮ ಪತ್ರದಲ್ಲೇ ಇದೆಯಲ್ಲ, ‘ನೀವು ಬೈದಿದ್ದು ಓದಿಯೇ ಕೊಂಡೆ’ ಅಂತ!

ಪ್ರಶ್ನೆ: ನನ್ನ ಮಗಳು ಇದೇ ಕಾಯಿಲೆಯಿಂದ ಗುಣವಾಗಿ ಬಂದವಳು. ಪುಸ್ತಕದಲ್ಲಿ ಕಾಯಿಲೆಯ ಬಗ್ಗೆ ಒಂದಾದರೂ ಕಥೆ ಇರುತ್ತದೆ ಎಂದುಕೊಂಡಿದ್ದೆ. ಒಂದೂ ಇಲ್ಲ. ಬೇಸರವಾಯಿತು.

ಉತ್ತರ: ನಿಮ್ಮ ಬೇಸರವನ್ನು ವಾದ ಮಾಡಿ ಕಳೆಯಲಾರೆ. ಆದರೆ ಸಂಪಾದಕರ ಆಯ್ಕೆಯನ್ನು ಒಪ್ಪುತ್ತೇನೆ. 1991ರಲ್ಲಿ ನೊಬೆಲ್ ಪಡೆದ ದಕ್ಷಿಣ ಆಫ್ರಿಕಾದ ನಡೀನ್ ಗಾರ್ಡಿಮರ್ 2004ರಲ್ಲಿ ಹೀಗೇ ಒಂದು ಸಂಕಲನ ತಂದರು. ಎಚ್‌ಐವಿ ಪೀಡಿತರಿಗೆ ಚಿಕಿತ್ಸೆ ಸಿಗಬೇಕೆಂದು ತಮ್ಮ ದೇಶದಲ್ಲಿ ಹೋರಾಡುತ್ತಿದ್ದ ಸಂಘಟನೆಗೆ ನೆರವಾಗುವುದು ಅವರ ಉದ್ದೇಶ. ಮಾರ್ಕ್ವೆಜ್, ಸರಮಾಗೊ, ಗುಂಟರ್ ಗ್ರಾಸ್, ಅಚಿಬೆ, ರಶ್ದಿ ಎಲ್ಲ ಸೇರಿ 21 ಲೇಖಕರು ಸಂಭಾವನೆಯಿಲ್ಲದೆ ಕಥೆ ಕೊಟ್ಟರು. ಏಡ್ಸ್ ಕುರಿತೇ ಬರೆಯಿರಿ ಎಂದು ಗಾರ್ಡಿಮರ್ ಯಾರಿಗೂ ಹೇಳಲಿಲ್ಲ. ವಿಷಯ ಕೊಟ್ಟು ಬರೆಸಿದ ಕಥೆಗಳು ಬಹುಮಟ್ಟಿಗೆ ಕರಪತ್ರಗಳಾಗುತ್ತವೆ, ಅದರಲ್ಲೂ ಕಾಯಿಲೆಯ ಮಗು ಬಂದರೆ ಅದನ್ನು ಕೊನೆಯ ಪುಟದಲ್ಲಿ ಸಾಯಿಸದೆ ಬಿಡುವವರು ಕಡಿಮೆ. ನಿಮ್ಮ ಮಗಳು ಅಂಥದ್ದನ್ನು ಓದದಿರುವುದೇ ವಾಸಿ. ಅವಳಿಗೆ ಆ ಟೂತ್‌ಪೇಸ್ಟ್ ಕಥೆ ಓದಿ ಹೇಳಿ.

ಪ್ರಶ್ನೆ: ಹಿಂಬದಿಯ ರಕ್ಷಾಪುಟದಲ್ಲಿ ‘ಲಾಭವೆಲ್ಲ ಮಕ್ಕಳ ಚಿಕಿತ್ಸೆಗೆ’ ಎಂದಿದೆ. ನಾವು ಕೊಟ್ಟ ದುಡ್ಡು ಪೂರ್ತಿ ಅಲ್ಲಿಗೆ ಹೋಗುತ್ತದೆಯೆ?

ಉತ್ತರ: ಇಲ್ಲ, ಹೋಗುವುದು ಸಾಧ್ಯವೂ ಇಲ್ಲ. ಮುಖಬೆಲೆಯಲ್ಲಿ ಮೂರನೇ ಒಂದು ಪಾಲು, ಎಷ್ಟೋ ಸಲ ಅದಕ್ಕೂ ಹೆಚ್ಚು, ಮಾರಾಟಗಾರರ ಕಮಿಷನ್‌ಗೆ ಹೋಗುತ್ತದೆ. ಕಾಗದ, ಅಚ್ಚು, ಬೈಂಡಿಂಗ್, ಸಾಗಾಟ ಬೇರೆ. ಲೇಖಕರ ರಾಯಧನ ಸಾಮಾನ್ಯವಾಗಿ ಮುಖಬೆಲೆಯ ಹತ್ತನೇ ಒಂದು ಪಾಲಿನ ಆಸುಪಾಸು. ಹಾಗಾಗಿ ‘ರಾಯಧನ ಪೂರ್ತಿ ದಾನ’ ಎಂದರೆ ನೀವು ಅಂದುಕೊಂಡಷ್ಟು ದೊಡ್ಡ ಮೊತ್ತವಲ್ಲ. ‘ಲಾಭವೆಲ್ಲ’ ಎಂಬ ಮಾತು ಇನ್ನೂ ಜಾರಿಕೆಯದು. ಖರ್ಚೆಲ್ಲ ಕಳೆದ ಮೇಲೆ ಲಾಭವೇ ಉಳಿಯದಿದ್ದರೆ? ಮಾರಾಟವಾಗದ ಪ್ರತಿಗಳು ಗೋದಾಮಿನಲ್ಲಿ ಬಿದ್ದಿದ್ದರೆ ಆ ನಷ್ಟವೂ ಅದೇ ಲೆಕ್ಕಕ್ಕೆ. ಮಾರಾಟವಾದ ಒಂದು ಪ್ರತಿಗೆ ಇಂತಿಷ್ಟು ಎಂದು ಅಂಕಿಯಲ್ಲಿ ಅಚ್ಚು ಹಾಕಿಸಿದ ಪ್ರಕಾಶಕರನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅದನ್ನು ಯಾರು ಬೇಕಾದರೂ ಗುಣಿಸಿ ಕೇಳಬಹುದು. ಈ ಪುಸ್ತಕದಲ್ಲಿ ಅಂಥ ಅಂಕಿ ಇಲ್ಲ. ಒಂದು ಪತ್ರ ಬರೆದು ಕೇಳಿ, ತಪ್ಪೇನಿಲ್ಲ. ಮಕ್ಕಳಿಗೆ ಹೆಚ್ಚು ತಲುಪಬೇಕೆಂಬುದಷ್ಟೇ ನಿಮ್ಮ ಆಸೆಯಾದರೆ ನೇರವಾಗಿ ಹಣ ಕಳಿಸಿ. ಕಥೆ ಓದುವ ಆಸೆಯೂ ಇದ್ದರೆ ಪುಸ್ತಕ ಕೊಳ್ಳಿ.

ಪ್ರಶ್ನೆ: ಗೆಳೆಯನ ಪ್ರತಿಯನ್ನು ಎರವಲು ಪಡೆದು ಓದಿದೆ. ಪಾಪವೆ?

ಉತ್ತರ: ಮಕ್ಕಳ ಚಿಕಿತ್ಸೆಗೆ ಹಣ ಸೇರುವುದು ಮೊದಲ ಮಾರಾಟದಲ್ಲಿ ಮಾತ್ರ. ಹಳೆ ಪುಸ್ತಕದಂಗಡಿಯಲ್ಲಿ ಕೊಂಡಿದ್ದರೂ ಅಷ್ಟೇ. ವಾಪಸ್ ಕೊಡದಿದ್ದರೆ ಪಾಪ.

ಪ್ರಶ್ನೆ: ಇಂಥದ್ದೇ ಇನ್ನೊಂದು ಸಂಕಲನಕ್ಕೆ ನನ್ನ ಕಥೆ ಕೇಳಿದ್ದಾರೆ. ಸಂಭಾವನೆ ಇಲ್ಲ. ಕೊಡಲೆ? (ಹೊಸ ಕಥೆಗಾರ)

ಉತ್ತರ: ಮನಸ್ಸಿದ್ದರೆ ಕೊಡಿ. ಸಂಕೋಚಕ್ಕೆ ಬೇಡ. ಕೊಡುವುದಾದರೆ ಈ ಸಂಕಲನಕ್ಕೆ ಮಾತ್ರ ಅನುಮತಿ, ಹಕ್ಕು ನನ್ನದೇ, ನನ್ನ ಸ್ವಂತ ಸಂಕಲನದಲ್ಲಿ ಮತ್ತೆ ಸೇರಿಸಿಕೊಳ್ಳಬಹುದು ಎಂಬುದನ್ನು ಬರಹದಲ್ಲಿ ಪಡೆಯಿರಿ. ಒಳ್ಳೆಯ ಉದ್ದೇಶದವರು ಕಾಗದಪತ್ರದ ವಿಷಯದಲ್ಲಿ ಸಡಿಲ, ಕೇಳಿದರೆ ಕೊಡುತ್ತಾರೆ. ಇ-ಪುಸ್ತಕ, ಆಡಿಯೊ ಎಲ್ಲ ಈ ಅನುಮತಿಯಲ್ಲಿ ಸೇರಿವೆಯೇ ಎಂದೂ ಕೇಳಿ. ಪತ್ರಿಕೆಗಳಿಂದ ತಿರುಗಿ ಬಂದ ಕಥೆಯನ್ನು ‘ಹೇಗೂ ದಾನ ತಾನೆ’ ಎಂದು ಸಾಗಹಾಕಬೇಡಿ, ಮುಂದಿನ ಸಲ ಬೈಸಿಕೊಳ್ಳುವವರು ನೀವೇ ಆಗುತ್ತೀರಿ. ಅಚ್ಚಿಗೆ ಹೋಗುವ ಮುಂಚೆ ಕರಡು ತರಿಸಿಕೊಂಡು ಕಣ್ಣಾಡಿಸಿ. ನಾನು ಮೆಚ್ಚಿದ ಆ ಕಥೆಯಲ್ಲಿ ಮುದುಕನ ಹೆಸರು ನಡುವೆ ಒಂದು ಕಡೆ ಬದಲಾಗಿದೆ, ಯಾರೂ ನೋಡಿಲ್ಲ.