ಥಾರ್ ಮರುಭೂಮಿಯಲ್ಲಿ ಹಕ್ಕಿ ನೋಡಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಕ್ಕಳ ರಜೆಯಲ್ಲಿ ಜೈಸಲ್ಮೇರ್‌ಗೆ ಹೋಗಬೇಕೆಂದಿದ್ದೇವೆ. ಹಕ್ಕಿ ನೋಡಲು ಬೇಸಿಗೆ ರಜೆ ಸರಿಯೇ, ದಸರೆಯೇ? – ಹುಬ್ಬಳ್ಳಿಯ ಓದುಗರು

ಬೇಸಿಗೆ ಬೇಡವೇ ಬೇಡ. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ, ವಲಸೆ ಹಕ್ಕಿಗಳೂ ಅಷ್ಟರಲ್ಲಿ ಹೊರಟುಹೋಗಿರುತ್ತವೆ. ದಸರೆಯಲ್ಲೂ ಮಧ್ಯಾಹ್ನ ಸುಡುತ್ತದೆ. ಡಿಸೆಂಬರ್ ಕೊನೆಯ ವಾರ ಸಿಕ್ಕರೆ ಅದನ್ನೇ ಹಿಡಿಯಿರಿ. ಆಗ ಸೂರ್ಯ ಹುಟ್ಟುವುದು ಏಳು ಗಂಟೆ ದಾಟಿದ ಮೇಲೆ. ಬೆಳಕು ಹರಿಯುವ ಹೊತ್ತಿಗೆ ಸಮ್ ಬಳಿಯ ಸುದಾಸರಿ ಹುಲ್ಲುಗಾವಲಿನಲ್ಲಿರಿ. ಡೆಸರ್ಟ್ ನ್ಯಾಷನಲ್ ಪಾರ್ಕ್‌ಗೆ ಸೇರಿದ ಜಾಗವಿದು, ಅರಣ್ಯ ಇಲಾಖೆಯ ಅನುಮತಿಯನ್ನು ಹಿಂದಿನ ದಿನವೇ ಜೈಸಲ್ಮೇರ್‌ನಲ್ಲಿ ಪಡೆಯಿರಿ. ಒಂಬತ್ತರೊಳಗೆ ಯಾವುದಾದರೂ ನೀರಿನ ಹೊಂಡದ ಬಳಿ ಹೋಗಿ ಸುಮ್ಮನೆ ಕೂರಿ. ಪಾರಿವಾಳದಂತೆ ಕಾಣುವ ಸ್ಯಾಂಡ್‌ಗ್ರೌಸ್ ಹಕ್ಕಿ ತಿನ್ನುವುದು ಒಣ ಬೀಜ. ಹಾಗಾಗಿ ನೀರಿಗೆ ಬರದೆ ಅದಕ್ಕೆ ಗತಿಯಿಲ್ಲ. ಹುಡುಕಿಕೊಂಡು ಅಲೆದರೆ ಬೆನ್ನು ಮಾತ್ರ ಕಾಣುತ್ತದೆ, ಕಾದರೆ ಹಿಂಡೇ ಎದುರು ಇಳಿಯುತ್ತದೆ. ಕಾರನ್ನು ನೀರಿನಿಂದ ಐವತ್ತು ಮೀಟರಾದರೂ ದೂರ ನಿಲ್ಲಿಸಿ, ಯಾರೂ ಕೆಳಗಿಳಿಯಬೇಡಿ. ಮಕ್ಕಳಿಗಂತೂ ಫಲೋದಿ ಬಳಿಯ ಖೀಚನ್ ತಪ್ಪಿಸಬೇಡಿ: ಊರವರು ಹಾಕುವ ಕಾಳಿಗೆ ಬೆಳಿಗ್ಗೆ ಸಾವಿರಾರು ಕುರ್ಜಾಗಳು (ಡೆಮೊಸೆಲ್ ಕ್ರೇನ್) ಇಳಿಯುತ್ತವೆ.

ಪ್ರಶ್ನೆ: ಹತ್ತು ಗಂಟೆಯ ನಂತರ ಸ್ಪಾಟಿಂಗ್ ಸ್ಕೋಪ್‌ನಲ್ಲಿ (ಹಕ್ಕಿ ನೋಡುವ ದೂರದರ್ಶಕ) ಹಕ್ಕಿ ನೀರಿನೊಳಗಿದ್ದಂತೆ ಅಲುಗುತ್ತದೆ. ಲೆನ್ಸ್ ಕೆಟ್ಟಿದೆಯೇ? – ಮೈಸೂರಿನ ಓದುಗರು

ಲೆನ್ಸ್ ಚೆನ್ನಾಗಿಯೇ ಇದೆ. ಬಿಸಿಲ್ಗುದುರೆ ಕುಣಿಸುವ ಝಳದ ಕೆಲಸವಿದು. ಕಾದ ನೆಲದ ಮೇಲಿನ ಗಾಳಿ ಬೆಳಕನ್ನು ಬಾಗಿಸುತ್ತದೆ; 60 ಪಟ್ಟು ಹಿಗ್ಗಿಸಿದರೆ ಆ ಅಲುಗಾಟವೂ ಅಷ್ಟೇ ಹಿಗ್ಗುತ್ತದೆ. 20–25ಕ್ಕೆ ಇಳಿಸಿ. ಎಂಜಿನ್ ಆರಿಸಿದ ಮೇಲೂ ಬಾನೆಟ್ ಬಿಸಿ ಉಗುಳುತ್ತಿರುತ್ತದೆ, ಅದರ ಮೇಲಿಂದ ನೋಡಬೇಡಿ. ಎಸಿ ಹಾಕಿದ ಕಾರಿನ ಕಿಟಕಿ ಸ್ವಲ್ಪವೇ ಇಳಿಸಿ ನೋಡಿದರೂ ಚಿತ್ರ ಕಲಸುತ್ತದೆ. ಎಸಿ ಆರಿಸಿ, ಕಿಟಕಿ ಪೂರ್ತಿ ತೆರೆದು, ಒಳಹೊರಗಿನ ಗಾಳಿ ಒಂದಾಗಲು ಬಿಡಿ. ಮಧ್ಯಾಹ್ನ ದೂರದ ಹಕ್ಕಿಯ ಆಸೆ ಬಿಟ್ಟು, ಖೇಜ್ರಿ ಮರದ ನೆರಳಿಗೆ ಬಂದ ಹತ್ತಿರದವನ್ನು ನೋಡುವುದೇ ಲಾಭ.

ಪ್ರಶ್ನೆ: ಬೈನಾಕ್ಯುಲರ್‌ಗೆ ಮರಳು ಹೊಕ್ಕರೆ? – ಉಡುಪಿಯ ಓದುಗರು

ಮೊದಲು ರಬ್ಬರ್ ಬ್ಲೋವರ್, ನಂತರ ಮೆತ್ತನೆಯ ಬ್ರಷ್, ಕೊನೆಗಷ್ಟೇ ಬಟ್ಟೆ. ಅಂಗಿಯ ತುದಿಯಿಂದ ಒರೆಸಿದರೆ ಮರಳಿನ ಕಣ ಕೋಟಿಂಗ್ ಮೇಲೆ ಗೀರು ಎಳೆಯುತ್ತದೆ. ಫೋಕಸ್ ಚಕ್ರ ಕರಕರ ಎಂದರೆ ಒತ್ತಾಯದಿಂದ ತಿರುಗಿಸಬೇಡಿ, ಎಣ್ಣೆಯನ್ನಂತೂ ಬಿಡಲೇಬೇಡಿ.

ಪ್ರಶ್ನೆ: ಎರೆಭೂತ ಖಂಡಿತ ಕಾಣಿಸುತ್ತದೆಯೇ? – ಬಳ್ಳಾರಿಯ ಓದುಗರು

ಖಾತರಿ ಕೊಡುವ ಗೈಡನ್ನು ನಂಬಬೇಡಿ. ನಿಮ್ಮ ಸಿರುಗುಪ್ಪದ ಬಯಲಿನಲ್ಲೂ ಉಳಿದುಕೊಂಡಿದ್ದ ಈ ಗ್ರೇಟ್ ಇಂಡಿಯನ್ ಬಸ್ಟರ್ಡ್ ಇಂದು ಅಳಿವಿನ ಅಂಚಿನಲ್ಲಿದೆ. ಥಾರ್‌ನಲ್ಲೇ ಹೆಚ್ಚಿನವು ಉಳಿದಿವೆ. ಕಂಡರೆ ಇದ್ದಲ್ಲೇ ನಿಲ್ಲಿ. ಅದು ಕತ್ತೆತ್ತಿ ನಡೆಯಲು ತೊಡಗಿದರೆ ನೀವು ಆಗಲೇ ತೀರಾ ಹತ್ತಿರ ಬಂದಿದ್ದೀರಿ. ಹಾರಿಸಿ ಫೋಟೊ ತೆಗೆಯಲು ಹೋಗಬೇಡಿ: ಎದುರಿನ ತಂತಿ ಬೇಗ ಕಾಣದ, ಭಾರದ ಮೈಯನ್ನು ಥಟ್ಟನೆ ತಿರುಗಿಸಲಾಗದ ಈ ಹಕ್ಕಿಗೆ ವಿದ್ಯುತ್ ತಂತಿಗಳೇ ಅಲ್ಲಿ ದೊಡ್ಡ ಸಾವು.