ಓದುಗರ ಪ್ರಶ್ನೆ, ನಮ್ಮ ಉತ್ತರ: ವಾರ್‌ಕ್ರಾಫ್ಟ್ ಲೋಕ ಹೇಗೆಲ್ಲ ಬದಲಾಯ್ತು?

ಹೋದ ಸಂಚಿಕೆಯಲ್ಲಿ ಇಂಟರ್ನೆಟ್‌ನಲ್ಲಿ ಲಕ್ಷಾಂತರ ಜನ ಒಟ್ಟಿಗೆ ಆಡುವ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟದ ಬಗ್ಗೆ ಎರಡು ಸಾಲು ಬರೆದಿದ್ದೆ. ಅದರ ಬಗ್ಗೆ ಬಂದ ಪತ್ರಗಳಿಗೇ ಈ ಸಲದ ಅಂಕಣ ಮೀಸಲು. ನಾನು ಬರ್ನಿಂಗ್ ಕ್ರುಸೇಡ್ ಎಂಬ ಮೊದಲ ಎಕ್ಸ್‌ಪಾನ್ಷನ್ (ಆಟಕ್ಕೆ ಸೇರಿಸುವ ಹೊಸ ಭಾಗ) ಕಾಲದಿಂದ ಆಡುತ್ತಿದ್ದೇನೆ. ಅಂದಿನಿಂದ ಇಂದಿನವರೆಗೂ ಪ್ಯಾಲಡಿನ್ ಎಂಬ ಪಾತ್ರದಲ್ಲಿ ಹೀಲರ್. ಗಾಯ ವಾಸಿ ಮಾಡುವವಳಿಗೆ ಜೊತೆಗೆ ಜನ ಇಲ್ಲದಿದ್ದರೆ ಕೆಲಸವೇ ಇಲ್ಲ. ಆದ್ದರಿಂದ ಪ್ರತಿ ಎಕ್ಸ್‌ಪಾನ್ಷನ್ ಬಂದಾಗಲೂ ನಾನು ಮೊದಲು ನೋಡುವುದು ಒಂದೇ: ಇದು ಜನರನ್ನು ಹತ್ತಿರ ತರುತ್ತಾ, ದೂರ ಮಾಡುತ್ತಾ? ಕೆಳಗಿನ ಉತ್ತರಗಳೆಲ್ಲ ಆ ಕಣ್ಣಿನಿಂದಲೇ ಬಂದಿವೆ.

ಪ್ರಶ್ನೆ: ನನ್ನ ಮಗ ಎರಡು ವರ್ಷಕ್ಕೊಮ್ಮೆ ‘ಹೊಸ ಎಕ್ಸ್‌ಪಾನ್ಷನ್ ಬಂತು’ ಅಂತ ದುಡ್ಡು ಕೇಳುತ್ತಾನೆ. ಒಮ್ಮೆ ಕೊಂಡ ಆಟವನ್ನೇ ಮತ್ತೆ ಮತ್ತೆ ಯಾಕೆ ಕೊಳ್ಳಬೇಕು ಮೇಡಂ? (ದಾವಣಗೆರೆಯ ತಾಯಿಯೊಬ್ಬರು)

ಉತ್ತರ: ಅದೇ ಆಟ ಅಲ್ಲ ಅಮ್ಮಾ, ಹಳೆಯ ಆಟಕ್ಕೆ ಸೇರಿಸಿದ ಹೊಸ ನೆಲ. ಕ್ಯಾಲಿಫೋರ್ನಿಯಾದ ಬ್ಲಿಝಾರ್ಡ್ ಕಂಪನಿ ಈ ಆಟವನ್ನು 2004ರ ನವೆಂಬರ್ 23ರಂದು ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಆಗ ಇದ್ದದ್ದು ಎರಡು ಖಂಡ. ಲೆವೆಲ್ 60ಕ್ಕೆ ಮುಟ್ಟಿದರೆ ಅದೇ ತುದಿ. 2007ರ ಜನವರಿಯಲ್ಲಿ ಬರ್ನಿಂಗ್ ಕ್ರುಸೇಡ್ ಬಂತು. ಔಟ್‌ಲ್ಯಾಂಡ್ ಎಂಬ ಒಡೆದ ಲೋಕ, ಹಾರುವ ಸವಾರಿ, ಲೆವೆಲ್ 70 ಅದರ ಜೊತೆ ಬಂದವು. 2008ರ ನವೆಂಬರ್‌ನಲ್ಲಿ ರಾಥ್ ಆಫ್ ದ ಲಿಚ್ ಕಿಂಗ್. ಹಿಮದ ಖಂಡ, ಲೆವೆಲ್ 80. ಹೀಗೇ ಮುಂದುವರಿದು 2024ರ ವಾರ್ ವಿದಿನ್ ಹತ್ತನೆಯದು. ಕಥೆ ಅಲ್ಲಿಗೂ ಮುಗಿದಿಲ್ಲ. ಮಿಡ್‌ನೈಟ್, ಲಾಸ್ಟ್ ಟೈಟನ್ ಎಂಬ ಇನ್ನೆರಡನ್ನೂ 2023ರಲ್ಲೇ ಸಾರಿದ್ದಾರೆ.

ಖರ್ಚಿನ ಮಾತಿಗೆ ಬಂದರೆ, 2018ರಿಂದ ಹಳೆಯ ಎಕ್ಸ್‌ಪಾನ್ಷನ್‌ಗಳೆಲ್ಲ ತಿಂಗಳ ಚಂದಾದಲ್ಲೇ ಸೇರಿವೆ. ತೀರಾ ಹೊಸದಕ್ಕೆ ಮಾತ್ರ ಬೇರೆ ದುಡ್ಡು. ಮಗನಿಗೆ ಪರೀಕ್ಷೆ ಇರುವ ತಿಂಗಳು ಚಂದಾ ನಿಲ್ಲಿಸಿ. ಅವನ ಪಾತ್ರ, ಅದರ ಸಾಮಾನು ಎಲ್ಲೂ ಹೋಗುವುದಿಲ್ಲ.

ಪ್ರಶ್ನೆ: ಹಳೆಯ ಆಟಗಾರರಿಗೆ ‘ಕ್ಯಾಟಕ್ಲಿಸಂ’ ಎಂಬ ಎಕ್ಸ್‌ಪಾನ್ಷನ್ ಎಂದರೆ ಯಾಕಷ್ಟು ಬೇಸರ? (ಸಾಗರದ ಓದುಗರು)

ಉತ್ತರ: ನಿಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿನ್ನೀರಿನಲ್ಲಿ ಊರು ಮುಳುಗಿದವರ ಮನೆಯ ಮಾತು ನೀವು ಕೇಳಿರುತ್ತೀರಿ.

ಥೌಸಂಡ್ ನೀಡಲ್ಸ್ ಅಂತ ಒಂದು ಪ್ರದೇಶ ಇತ್ತು. ಒಣಗಿದ ಆಳ ಕಣಿವೆ, ಅದರಲ್ಲಿ ಆಕಾಶಕ್ಕೆ ಚುಚ್ಚಿದ ಹಾಗೆ ಕಲ್ಲಿನ ಕಂಬಗಳು. ಅದರ ತುದಿಗೆ ಬಿಳಿ ಉಪ್ಪಿನ ಬಯಲು. ಅಲ್ಲಿ ಗ್ನೋಮ್‌ಗಳೂ ಗಾಬ್ಲಿನ್‌ಗಳೂ ರೇಸ್ ಕಾರು ಓಡಿಸುತ್ತಿದ್ದರು. ಲೆವೆಲ್ ಮೂವತ್ತರ ಆಸುಪಾಸಿನಲ್ಲಿ ಅಲ್ಲಿಗೆ ಹೋಗದವರೇ ಇಲ್ಲ ಅನ್ನಬಹುದು. ಆ ಬಿಸಿಲಿನ ಬಣ್ಣ ನನಗೆ ಇವತ್ತಿಗೂ ಕಣ್ಣಲ್ಲಿದೆ. 2010ರ ನವೆಂಬರ್‌ನಲ್ಲಿ ಡೆತ್‌ವಿಂಗ್ ಎಂಬ ಕಪ್ಪು ಡ್ರ್ಯಾಗನ್ ಭೂಮಿ ಸೀಳಿಕೊಂಡು ಎದ್ದ. ಕಣಿವೆಗೆ ಸಮುದ್ರ ನುಗ್ಗಿತು. ರೇಸ್ ಟ್ರ್ಯಾಕು ನೀರಡಿ ಹೋಯಿತು. ನಡೆದು ದಾಟುತ್ತಿದ್ದ ಜಾಗವನ್ನು ಈಗ ದೋಣಿಯಲ್ಲಿ ದಾಟಬೇಕು. ಡಾರ್ಕ್‌ಶೋರ್‌ನ ಆಬರ್‌ಡೈನ್ ಬಂದರು ಪೂರ್ತಿ ಹಾಳಾಯಿತು. ಹೊಸ ಎಕ್ಸ್‌ಪಾನ್ಷನ್ ಕೊಳ್ಳದವರ ಪಾಲಿಗೂ ಹಳೆಯ ಊರು ಉಳಿಯಲಿಲ್ಲ. ನೋವು ಆಗಿದ್ದು ಅಲ್ಲಿ.

ಹಾಗಂತ ಕಾರಣ ಇಲ್ಲದೆ ಒಡೆದಿರಲಿಲ್ಲ. ಹಳೆಯ ಎರಡು ಖಂಡಗಳನ್ನು ನೆಲದ ಮೇಲೆ ನಡೆಯುವವರ ಕಣ್ಣಿಗೆ ಎಷ್ಟು ಬೇಕೋ ಅಷ್ಟೇ ಕಟ್ಟಿದ್ದರು. ಎಷ್ಟೋ ಕಡೆ ಬೆಟ್ಟದ ಹಿಂದೆ ಏನೂ ಇರಲಿಲ್ಲ. ಅಲ್ಲಿ ಹಾರಲು ಬಿಡಬೇಕಾದರೆ ಮತ್ತೆ ಕಟ್ಟಲೇಬೇಕಿತ್ತು. ಹಳೆಯ ಕ್ವೆಸ್ಟ್‌ಗಳಲ್ಲಿ (ಆಟ ನಮಗೆ ಒಪ್ಪಿಸುವ ಕೆಲಸಗಳಲ್ಲಿ) ಸುಮ್ನೆ ಆ ತುದಿಯಿಂದ ಈ ತುದಿಗೆ ಓಡಾಡಿಸುವುದೇ ಜಾಸ್ತಿ ಇತ್ತು. ಹೊಸವು ಚೆನ್ನಾಗಿವೆ, ನಾನು ಒಪ್ಪುತ್ತೇನೆ. ಆದರೆ ಕಥೆ ಮುಂದೆ ಹೋದ ಮೇಲೂ ಈ ಊರುಗಳು 2010ರಲ್ಲೇ ನಿಂತುಬಿಟ್ಟವು. ಡೆತ್‌ವಿಂಗ್ ಸತ್ತು ವರ್ಷಗಳಾದರೂ ಹೊಸಬರಿಗೆ ‘ಅವನು ಈಗ ತಾನೇ ಎದ್ದಿದ್ದಾನೆ’ ಅನ್ನುತ್ತಿದ್ದವು. ನನ್ನ ಪ್ರಕಾರ ಮುಳುಗಡೆಗಿಂತ ದೊಡ್ಡ ತಪ್ಪು ಅದು.

ಪ್ರಶ್ನೆ: ಇಷ್ಟು ವರ್ಷಗಳಲ್ಲಿ ಆಟವನ್ನು ಅತಿ ಹೆಚ್ಚು ಬದಲಾಯಿಸಿದ ಒಂದೇ ಒಂದು ವಿಷಯ ಹೇಳಿ ಎಂದರೆ? (ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ)

ಉತ್ತರ: ಡಂಜನ್ ಫೈಂಡರ್. 2009ರ ಡಿಸೆಂಬರ್‌ನಲ್ಲಿ, ಲಿಚ್ ಕಿಂಗ್ ಎಕ್ಸ್‌ಪಾನ್ಷನ್‌ನ ನಡುವೆ ಬಂದ ಒಂದು ಸಣ್ಣ ಬಟನ್. ಹೊಸ ಖಂಡ, ಹೊಸ ಜನಾಂಗ, ಹೊಸ ಲೆವೆಲ್ ಯಾವುದೂ ಇದರ ಹತ್ತಿರಕ್ಕೆ ಬರುವುದಿಲ್ಲ.

ಅದಕ್ಕೆ ಮೊದಲು ಹೇಗಿತ್ತು ಹೇಳುತ್ತೇನೆ. ಡಂಜನ್ ಅಂದರೆ ರಾಕ್ಷಸರೋ ಕಳ್ಳರೋ ತುಂಬಿದ ಗುಹೆ, ಕೋಟೆಯಂಥ ಜಾಗ. ಅದಕ್ಕೆ ಐದು ಜನ ಬೇಕು. ಏಟು ತಿನ್ನಲು ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಹೊಡೆಯಲು ಮೂವರು. ಡೆಡ್‌ಮೈನ್ಸ್ ಎಂಬ ಗಣಿಗೆ ಹೋಗಬೇಕು ಅಂದುಕೊಳ್ಳಿ. ಸ್ಟಾರ್ಮ್‌ವಿಂಡ್ ಪಟ್ಟಣದ ಚಾಟ್‌ನಲ್ಲಿ ‘ಟ್ಯಾಂಕ್ ಬೇಕು, ಹೀಲರ್ ಬೇಕು’ ಅಂತ ಕೂಗುತ್ತಾ ನಿಲ್ಲಬೇಕು. ಐವರು ಸೇರಿದ ಮೇಲೆ ಎಲ್ವಿನ್ ಕಾಡು ದಾಟಿ ವೆಸ್ಟ್‌ಫಾಲ್‌ಗೆ ನಡೆಯಬೇಕು. ನಾನು ಶುರು ಮಾಡಿದಾಗ ಕುದುರೆ ಸಿಗುತ್ತಿದ್ದದ್ದು ಲೆವೆಲ್ 40ಕ್ಕೆ. ಈ ಗಣಿಗೆ ಹೋಗುವ ವಯಸ್ಸಿನಲ್ಲಿ ಎಲ್ಲರದ್ದೂ ಕಾಲ್ನಡಿಗೆಯೇ. ಮೂನ್‌ಬ್ರೂಕ್ ಎಂಬ ಪಾಳು ಹಳ್ಳಿಯಲ್ಲಿ ಕಳ್ಳರು ಮೇಲೆ ಬೀಳುತ್ತಾರೆ. ಅವರನ್ನು ಹೊಡೆದುಕೊಂಡು ಗಣಿಯ ಬಾಯಿಗೆ ಹೋಗಬೇಕು. ಅಷ್ಟರಲ್ಲಿ ಒಬ್ಬನಿಗೆ ಮನೆಯಲ್ಲಿ ಊಟಕ್ಕೆ ಕರೆ ಬಂದಿರುತ್ತದೆ. ಉಳಿದವರು ಕಾಯುತ್ತಾರೆ. ಕಾಯುತ್ತಾ ಮಾತಾಡುತ್ತಾರೆ. ನೀನು ಯಾವ ಊರು, ಏನು ಓದುತ್ತಿದ್ದೀಯ, ನಾಳೆಯೂ ಬರ್ತೀಯಾ? ನನ್ನ ಗಿಲ್ಡ್‌ನ (ಆಟಗಾರರ ಕಾಯಂ ಬಳಗದ) ಅರ್ಧ ಜನ ನನಗೆ ಸಿಕ್ಕಿದ್ದು ಇಂಥ ಕಾಯುವ ಹೊತ್ತಿನಲ್ಲಿ.

ಫೈಂಡರ್ ಬಂದ ಮೇಲೆ ಬಟನ್ ಒತ್ತಿದರೆ ಸಾಕು. ಬೇರೆ ಬೇರೆ ಸರ್ವರ್‌ನ (ಒಂದೊಂದೂ ಆ ಲೋಕದ ಬೇರೆ ಪ್ರತಿ) ಐದು ಜನರನ್ನು ಯಂತ್ರವೇ ಹುಡುಕಿ ನೇರ ಡಂಜನ್ ಒಳಗೆ ಇಳಿಸುತ್ತದೆ. ಮುಗಿದ ಕೂಡಲೇ ನೀವು ಎಲ್ಲಿದ್ದಿರೋ ಅಲ್ಲಿಗೆ ವಾಪಸ್. ಆ ನಾಲ್ವರನ್ನು ಮತ್ತೆ ನೋಡುವುದು ಅಪರೂಪ. ಮೊದಲು ಬೇರೆಯವರ ಪಾಲಿನ ಲೂಟ್ ಎತ್ತಿಕೊಂಡು ಓಡಿದವನ ಹೆಸರು ಇಡೀ ಸರ್ವರ್‌ಗೆ ಗೊತ್ತಾಗುತ್ತಿತ್ತು, ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಆ ಹೆದರಿಕೆ ಹೋಯಿತು. ಒಬ್ಬರಿಗೊಬ್ಬರು ‘ನಮಸ್ಕಾರ’ ಹೇಳದೆಯೂ ಡಂಜನ್ ಮುಗಿಯುವ ಹಾಗಾಯಿತು.

ಇನ್ನೊಂದು ಮುಖವೂ ಇದೆ. ದಿನಕ್ಕೆ ಒಂದು ಗಂಟೆ ಮಾತ್ರ ಬಿಡುವಿರುವವರಿಗೆ ಆ ಬಟನ್ ಬಾಗಿಲು ತೆರೆಯಿತು. 2006ರಲ್ಲಿ ಬಂದ ನಾಕ್ಸ್‌ರಾಮಸ್ ಎಂಬ ರೇಡ್‌ಗೆ (ದೊಡ್ಡ ತಂಡದ ದಾಳಿಗೆ) ನಲವತ್ತು ಜನ ಬೇಕಿತ್ತು. ಅದನ್ನು ಒಳಗಿನಿಂದ ಕಂಡವರೇ ಬಹಳ ಕಮ್ಮಿ. ಬ್ಲಿಝಾರ್ಡ್ ಲಿಚ್ ಕಿಂಗ್ ಕಾಲದಲ್ಲಿ ಅದನ್ನೇ ಹತ್ತು ಮತ್ತು ಇಪ್ಪತ್ತೈದು ಜನರಿಗೆ ತಕ್ಕ ಹಾಗೆ ಮತ್ತೆ ತಂದಿತು. 2011ರಲ್ಲಿ ರೇಡ್ ಫೈಂಡರ್ ಬಂದು, ಡೆತ್‌ವಿಂಗ್ ಸಾಯುವುದನ್ನು ಗಿಲ್ಡ್ ಇಲ್ಲದವರೂ ನೋಡಿದರು. ಕಷ್ಟಪಟ್ಟು ಮಾಡಿದ ಕಥೆಯ ಕೊನೆ ಎಲ್ಲರಿಗೂ ಸಿಗಬೇಕು ಅನ್ನುವುದು ನ್ಯಾಯವೇ. ನನ್ನ ತಕರಾರು ಇಷ್ಟೇ: ದಾರಿ ಸುಲಭ ಮಾಡುವಾಗ ದಾರಿಯಲ್ಲಿ ಸಿಗುತ್ತಿದ್ದ ಜನರನ್ನೂ ತೆಗೆದುಹಾಕಬೇಕಿರಲಿಲ್ಲ.

ಪ್ರಶ್ನೆ: ಲೆವೆಲ್ 120 ಇದ್ದದ್ದು ದಿಢೀರನೆ 60ಕ್ಕೆ ಇಳಿಯಿತಂತೆ. ಹಿಂಬಡ್ತಿಯಾ ಅಕ್ಕಾ? (ಧಾರವಾಡದ ವಿದ್ಯಾರ್ಥಿ)

ಉತ್ತರ: ಅಲ್ಲ ತಮ್ಮಾ. 2020ರಲ್ಲಿ ಶ್ಯಾಡೋಲ್ಯಾಂಡ್ಸ್ ಬರುವ ಮೊದಲು 120ನ್ನು 50 ಮಾಡಿದರು. ಅಲ್ಲಿಂದ ಹೊಸ ತುದಿ 60. ಹೊಸಬನೊಬ್ಬ 120 ಮೆಟ್ಟಿಲು ನೋಡಿಯೇ ಸುಸ್ತಾಗುತ್ತಿದ್ದ. ಅದರಲ್ಲಿ ಎಷ್ಟೋ ಮೆಟ್ಟಿಲು ಹತ್ತಿದರೆ ಕೈಗೆ ಏನೂ ಹೊಸದು ಸಿಗುತ್ತಿರಲಿಲ್ಲ.

ಲೆವೆಲ್‌ಗಿಂತ ಮೊದಲೇ, 2014ರಲ್ಲಿ, ಆಟದೊಳಗಿನ ಅಂಕಿಗಳನ್ನೇ ಕುಗ್ಗಿಸಿದ್ದರು. ಪ್ರತಿ ಎಕ್ಸ್‌ಪಾನ್ಷನ್‌ನಲ್ಲೂ ಕತ್ತಿಯ ಏಟು, ರಾಕ್ಷಸನ ಪ್ರಾಣ ಎರಡೂ ಏರುತ್ತಾ ಹೋಗುತ್ತವೆ. ಕಂಪ್ಯೂಟರ್ ಅಂಕಿ ಬರೆದಿಡುವ 32 ಬಿಟ್‌ನ ಸೈನ್ಡ್ ಪೂರ್ಣಾಂಕದಲ್ಲಿ ಹಿಡಿಯುವ ಅತಿ ದೊಡ್ಡ ಅಂಕಿ 214 ಕೋಟಿ 74 ಲಕ್ಷ ಚಿಲ್ಲರೆ. ದೊಡ್ಡ ರಾಕ್ಷಸರ ಪ್ರಾಣ ಆ ಗೋಡೆಯ ಹತ್ತಿರ ಬಂದಿತ್ತು. ನೀನು ಪ್ರೋಗ್ರಾಮಿಂಗ್ ಕಲಿಯುತ್ತಿದ್ದರೆ ಇದನ್ನು ಬರೆದಿಟ್ಟುಕೋ, ಕೆಲಸಕ್ಕೆ ಬರುತ್ತೆ.

ಪ್ರಶ್ನೆ: ಒಂದು ಕಾಲಕ್ಕೆ ಒಂದು ಕೋಟಿಗೂ ಹೆಚ್ಚು ಜನ ಆಡುತ್ತಿದ್ದರಂತೆ. ಅವರೆಲ್ಲ ಎಲ್ಲಿ ಹೋದರು? (ಮಂಗಳೂರಿನ ಓದುಗರು)

ಉತ್ತರ: 2010ರ ಅಕ್ಟೋಬರ್‌ನಲ್ಲಿ ಚಂದಾದಾರರು 1 ಕೋಟಿ 20 ಲಕ್ಷ ಮುಟ್ಟಿದರು. ಅದೇ ಶಿಖರ. ಆಮೇಲೆ ಮೆಲ್ಲಗೆ ಇಳಿಕೆ. ಆದರೆ ಎಲ್ಲರನ್ನೂ ಬೆಚ್ಚಿಬೀಳಿಸಿದ್ದು ವಾರ್‌ಲಾರ್ಡ್ಸ್ ಆಫ್ ಡ್ರೇನರ್. 2014ರ ನವೆಂಬರ್‌ನಲ್ಲಿ ಅದು ಬಂದಾಗ ಸಂಖ್ಯೆ ಮತ್ತೆ ಒಂದು ಕೋಟಿಗೆ ಏರಿತು. ಮುಂದಿನ ಜೂನ್ ಕೊನೆಗೆ 56 ಲಕ್ಷ. ಆ ವರ್ಷವೇ ಕಂಪನಿ ಸಂಖ್ಯೆ ಹೇಳುವುದನ್ನೂ ನಿಲ್ಲಿಸಿತು.

ಆ ಎಕ್ಸ್‌ಪಾನ್ಷನ್‌ನಲ್ಲಿ ಪ್ರತಿಯೊಬ್ಬರಿಗೂ ಗ್ಯಾರಿಸನ್ ಎಂಬ ಸ್ವಂತ ಕೋಟೆ ಕೊಟ್ಟರು. ಒಳಗೇ ಗಣಿ, ಒಳಗೇ ಗಿಡಮೂಲಿಕೆ ತೋಟ. ನಿಮ್ಮ ಬದಲು ಯುದ್ಧಕ್ಕೆ ಹೋಗಿಬರಲು ಬಂಟರು. ಬೆಳಗ್ಗೆ ಲಾಗಿನ್ ಆಗಿ, ಬಂಟರನ್ನು ಕಳಿಸಿ, ಗಣಿ ಅಗೆದು, ಕೋಟೆ ಬಾಗಿಲು ದಾಟದೆಯೇ ಲಾಗೌಟ್ ಮಾಡಬಹುದಿತ್ತು. ಪಟ್ಟಣಗಳು ಬಿಕೋ ಅನ್ನುತ್ತಿದ್ದವು. ಲಕ್ಷಾಂತರ ಜನ ಒಂದೇ ಲೋಕದಲ್ಲಿದ್ದರೂ ಒಬ್ಬೊಬ್ಬರೂ ಅವರವರ ಬೇಲಿಯೊಳಗೆ. ಹೊಸ ರೇಡ್‌ಗಳು ಕಮ್ಮಿಯಾದದ್ದು, ಹಾರುವುದಕ್ಕೆ ತಡೆ ಹಾಕಿದ್ದು ಕೂಡ ಕಾರಣವೇ. ಆದರೂ ಆ ಖಾಲಿ ಪಟ್ಟಣಗಳನ್ನು ನೋಡಿಯೇ ನನ್ನ ಗಿಲ್ಡ್‌ನವರು ಒಬ್ಬೊಬ್ಬರಾಗಿ ಬಿಟ್ಟರು.

2016ರ ಲೀಜನ್‌ನಲ್ಲಿ ಸ್ವಂತ ಕೋಟೆ ಹೋಗಿ, ಒಂದೇ ಕ್ಲಾಸ್‌ನವರೆಲ್ಲ, ಅಂದರೆ ಒಂದೇ ಬಗೆಯ ಪಾತ್ರ ಆಡುವವರೆಲ್ಲ, ಸೇರುವ ಹಾಲ್ ಬಂತು. ಪ್ಯಾಲಡಿನ್‌ಗಳೆಲ್ಲ ಒಂದು ಸೂರಿನಡಿ. ಅಲ್ಲಿಗೆ ಹೋದಾಗ ಅಕ್ಕಪಕ್ಕ ಜನ ಓಡಾಡುವುದನ್ನು ನೋಡಿ ಎಷ್ಟು ಖುಷಿಯಾಯಿತು ಗೊತ್ತಾ!

ಪ್ರಶ್ನೆ: ಕ್ಲಾಸಿಕ್ ಅಂತ ಹಳೆಯ ಆಟವನ್ನೇ ಮತ್ತೆ ತಂದರಲ್ಲ, ಕಳೆದುಹೋದದ್ದು ಸಿಕ್ಕಿತಾ? (ಹಾಸನದ ಓದುಗರು)

ಉತ್ತರ: ಸಾಕಷ್ಟು ಸಿಕ್ಕಿತು. 2013ರಲ್ಲಿ ಬ್ಲಿಝಾರ್ಡ್‌ನ ಸಮಾವೇಶದಲ್ಲಿ ಒಬ್ಬ ಆಟಗಾರ ಹಳೆಯ ಆಟ ಬೇಕು ಎಂದು ಕೇಳಿದಾಗ, ಆಟದ ತಯಾರಿಯ ಹೊಣೆ ಹೊತ್ತಿದ್ದ ಜೆ. ಆಲನ್ ಬ್ರ್ಯಾಕ್ ‘ಬೇಕು ಅಂತ ನಿಮಗೆ ಅನ್ನಿಸುತ್ತೆ, ಆದರೆ ಬೇಕಿಲ್ಲ’ ಎಂಬರ್ಥದ ಉತ್ತರ ಕೊಟ್ಟಿದ್ದರು. ನಾಸ್ಟಾಲ್ರಿಯಸ್ ಎಂಬ ಖಾಸಗಿ ಸರ್ವರ್‌ನಲ್ಲಿ ಅಭಿಮಾನಿಗಳು ಹಳೆಯ ಆಟವನ್ನು ಪುಕ್ಕಟೆ ನಡೆಸುತ್ತಿದ್ದರು. ಕಂಪನಿಯ ನೋಟಿಸ್ ಬಂದು 2016ರ ಏಪ್ರಿಲ್‌ನಲ್ಲಿ ಅದು ಮುಚ್ಚಿತು. ಹಳೆಯ ಆಟ ಬೇಕೆಂಬ ಮನವಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2017ರಲ್ಲಿ ಅದೇ ಬ್ರ್ಯಾಕ್ ವೇದಿಕೆ ಮೇಲೆ ನಿಂತು ಕ್ಲಾಸಿಕ್ ಘೋಷಿಸಿದರು. 2019ರ ಆಗಸ್ಟ್‌ನಲ್ಲಿ ಆಟ ಬಂತು.

ಮೊದಲ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ಕ್ವೆಸ್ಟ್‌ಗೆ ಕೊಲ್ಲಬೇಕಾದ ರಾಕ್ಷಸ ಒಬ್ಬನೇ, ಬಂದವರು ನೂರಾರು ಜನ. ಆಟದಲ್ಲಿ ಅದಕ್ಕೆ ಯಾವ ನಿಯಮವೂ ಇಲ್ಲ. ಜನ ತಾವೇ ಒಬ್ಬರ ಹಿಂದೆ ಒಬ್ಬರು ಸಾಲು ನಿಂತರು! ನಡುವೆ ನುಗ್ಗಿದವರನ್ನು ಬೈದು ಹಿಂದಕ್ಕೆ ಕಳಿಸುತ್ತಿದ್ದರು. ಯಾರೂ ಹೇಳದೆ ಮೂಡಿದ ಆ ಸಾಲಿಗಿಂತ ಒಳ್ಳೆಯ ದೃಶ್ಯವನ್ನು ನಾನು ಆ ಆಟದಲ್ಲಿ ಕಂಡಿಲ್ಲ.

2022ರಲ್ಲಿ ಲಿಚ್ ಕಿಂಗ್ ಕೂಡ ಕ್ಲಾಸಿಕ್ ರೂಪದಲ್ಲಿ ಮರಳಿತು. ಈ ಸಲ ಡಂಜನ್ ಫೈಂಡರನ್ನು ಬೇಕೆಂದೇ ಬಿಟ್ಟಿದ್ದರು. ಆಟಗಾರರಲ್ಲೇ ಎರಡು ಬಣ. ಕೊನೆಗೆ 2023ರಲ್ಲಿ ಸೇರಿಸಬೇಕಾಯಿತು.

ಪ್ರಶ್ನೆ: ನನಗೆ 41 ವರ್ಷ. ಅಪರಿಚಿತರ ಜೊತೆ ಆಡಲು ಸಂಕೋಚ. ಈಗ ಶುರು ಮಾಡಬಹುದಾ? (ಮೈಸೂರಿನ ಓದುಗರು)

ಉತ್ತರ: ಖಂಡಿತ ಮಾಡಿ. ಲೆವೆಲ್ 20ರವರೆಗೆ ಪುಕ್ಕಟೆ. ಎಕ್ಸೈಲ್ಸ್ ರೀಚ್ ಎಂಬ ದ್ವೀಪದಲ್ಲಿ ಎಲ್ಲವನ್ನೂ ಕೈ ಹಿಡಿದು ಕಲಿಸುತ್ತಾರೆ. 2024ರಿಂದ ಫಾಲೋವರ್ ಡಂಜನ್ ಎಂಬ ಸೌಲಭ್ಯವೂ ಇದೆ. ಉಳಿದ ನಾಲ್ಕು ಜನ ಕಂಪ್ಯೂಟರ್ ನಡೆಸುವ ಗೊಂಬೆಗಳು. ಅವು ಬೈಯುವುದಿಲ್ಲ, ಬಿಟ್ಟು ಹೋಗುವುದಿಲ್ಲ. ಅಭ್ಯಾಸಕ್ಕೆ ಬಹಳ ಒಳ್ಳೆಯದು. ಅಲ್ಲೇ ಉಳಿಯಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಸರ್ವರ್ ಆರಿಸುವಾಗ ಗಡಿಯಾರ ನೋಡಿ. ಮಧ್ಯ ಯುರೋಪಿನ ರಾತ್ರಿ 8 ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ ನಡುರಾತ್ರಿ 12.30. ಸಿಡ್ನಿಯ ರಾತ್ರಿ 8 ಅಂದರೆ ನಮಗೆ ಮಧ್ಯಾಹ್ನ 3.30, ಅವರ ಬೇಸಿಗೆಯಲ್ಲಿ 2.30. ಒಂದು ಕಡೆ ನಿದ್ದೆಯ ಹೊತ್ತು, ಇನ್ನೊಂದು ಕಡೆ ಆಫೀಸಿನ ಹೊತ್ತು. ನೌಕರಿಯಲ್ಲಿದ್ದರೆ ಆಸ್ಟ್ರೇಲಿಯಾ ಕಡೆಯ ಸರ್ವರ್‌ನಲ್ಲಿ ಶನಿವಾರ, ಭಾನುವಾರ ರೇಡ್ ಮಾಡುವ ಗಿಲ್ಡ್ ಹುಡುಕಿ. ಸೇರುವ ಮೊದಲು ‘ನಾನು ಹೊಸಬ, ನಿಧಾನ ಕಲಿಯುತ್ತೇನೆ’ ಅಂತ ಹೇಳಿಬಿಡಿ. ಒಳ್ಳೆಯ ಗಿಲ್ಡ್ ಆದರೆ ಸಂತೋಷದಿಂದ ಸೇರಿಸಿಕೊಳ್ಳುತ್ತಾರೆ. ಮುಖ ತಿರುಗಿಸಿದರೆ ಬೇರೆ ಹುಡುಕಿ, ಬೇಕಾದಷ್ಟಿವೆ. ಹೀಲರ್ ಆಗಿ ಬಂದರೆ ಕ್ಯೂನಲ್ಲಿ ಜಾಸ್ತಿ ಕಾಯಬೇಕಿಲ್ಲ. ಪ್ರೀಸ್ಟ್ ಅಥವಾ ಪ್ಯಾಲಡಿನ್‌ನಿಂದ ಶುರು ಮಾಡಿ, ಏನಾದರೂ ತೊಡಕಾದರೆ ಇನ್ನೊಂದು ಪತ್ರ ಬರೆಯಿರಿ.